ಆರ್ತರ ನಗೆ

ರಸಗಳಲ್ಲಿ ಕೆಲವು ಪರಸ್ಪರ ಮಿತ್ರಗಳು, ಕೆಲವು ಪರಸ್ಪರ ವಿರೋಧಿಗಳು ಎಂಬುದು ನಮ್ಮ ಆಲಂಕಾರಿಕರು ಬಹು ಹಿಂದೆಯೇ ಮಾಡಿಟ್ಟ ವ್ಯವಸ್ಥೆ. ಈ ವ್ಯವಸ್ಥೆಯಲ್ಲಿ ಹಾಸ್ಯಕ್ಕೂ ಕರುಣಕ್ಕೂ ವಿರೋಧವೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ನಿಸ್ಸಂದಿಗ್ಧವಾಗಿ ಹೇಳಿರುವನು. ಶಾಸ್ತ್ರವನ್ನೋದದವರಿಗೂ ಈ ನಿಯಮವು ಹೊಸದಲ್ಲ. ಸಾವಾದ ಮನೆಗೆ ಹೋಗುವಾಗ ನಗೆಯನ್ನು ಹೊಸಿಲಿನ ಹೊರಗೇ ಬಿಟ್ಟು ಹೋಗಬೇಕೆಂಬುದನ್ನು ಮಕ್ಕಳಿಗೆ ಯಾರೂ ಸೂತ್ರ ಹೇಳಿ ಕಲಿಸುವುದಿಲ್ಲ. ತಾಯಿಯ ಕಣ್ಸನ್ನೆಯೊಂದೇ ಸಾಕಾಗುವುದು.

ಹೀಗಿರಲು, ಈಚಿನ ಒಂದೆರಡು ದಶಕಗಳಿಂದ ಹೊಸ ಬಗೆಯ ಕೃತಿಗಳು ಪಶ್ಚಿಮ ದೇಶಗಳಲ್ಲಿ ಕಾಣಿಸಿಕೊಳ್ಳುತ್ತಿರುವುವು. ಪೆಟ್ಟು ತಿಂದವರು, ಮಾನಭಂಗಕ್ಕೆ ಗುರಿಯಾದವರು, ಬದುಕುವ ಇಚ್ಛೆಯೇ ಉಡುಗಿಹೋಗಿ ಮತ್ತೆ ಚೇತರಿಸಿಕೊಂಡವರು, ಒಡಹುಟ್ಟಿದವರನ್ನು ಅಕಾಲದಲ್ಲಿ ಕಳೆದುಕೊಂಡವರು, ತಮ್ಮ ಕಥೆಯನ್ನು ಅಳುತ್ತಲ್ಲ, ನಗುತ್ತ ನಗಿಸುತ್ತ ಹೇಳುತ್ತಿರುವರು. ಅವರ ಸಭೆಯೂ ಒಂದು ಊರಿನ ಸಭೆಯಲ್ಲ. ಸಾಮಾಜಿಕ ಜಾಲತಾಣಗಳ ದೆಸೆಯಿಂದ ಒಬ್ಬರು ಮೆಲ್ಬರ್ನಿನಲ್ಲಿ ಆಡಿದ ಮಾತನ್ನು ಮೈಸೂರಿನ ಹುಡುಗಿಯೊಬ್ಬಳು ನಡುರಾತ್ರಿಯಲ್ಲಿ ಹಾಸಿಗೆಯ ಮೇಲೆ ಕುಳಿತು ಕೇಳಬಹುದಾಗಿದೆ. ಇದನ್ನು ಕಂಡು ಹಿರಿಯರಲ್ಲಿ ಕೆಲವರು, ದುಃಖವನ್ನು ಬೀದಿಗೆ ತಂದು ನಗೆಯಾಡುವುದೇ ಎಂದು ಮುಖ ತಿರುಗಿಸುವರು. ಕಿರಿಯರಲ್ಲಿ ಹಲವರು, ನಗೆಗಿಂತ ಮಿಗಿಲಾದ ಔಷಧವುಂಟೆ ಎಂದು ಚಪ್ಪಾಳೆ ತಟ್ಟುವರು. ಇವೆರಡೂ ಕೃತಿಗಳನ್ನು ನೋಡದೆ ಆಡಿದ ಮಾತುಗಳೆಂದೇ ಹೇಳಬೇಕಾಗುವುದು. ಆರ್ತರಿಗೆ ನಗೆಯಿಂದ ಉಪಕಾರವಾಗುವುದು ನಿಜವಾದರೆ ಅದು ಎಂತಹ ನಗೆ, ಯಾರ ನಗೆ, ಎಷ್ಟು ನಗೆ ಎಂಬುದನ್ನು ವಿಚಾರಿಸದೆ ಇಲ್ಲಿ ಒಂದು ಹೆಜ್ಜೆಯನ್ನೂ ಮುಂದಿಡಲಾಗದು.

ಮೊದಲು ವ್ಯಾಧಿಯ ಸ್ವರೂಪ. ಸಾಮಾನ್ಯವಾದ ದುಃಖವು ಕಾಲ ಕಳೆದಂತೆ ಹಿಂದೆ ಸರಿಯುವುದು. ಆದರೆ ಜೀವವನ್ನೋ ಮಾನವನ್ನೋ ಕಿತ್ತುಕೊಳ್ಳಬಂದ ಆಘಾತದ ನೆನಪು ಹಾಗೆ ಸರಿಯುವುದಿಲ್ಲ. ಒಂದು ಸದ್ದು, ಒಂದು ವಾಸನೆ, ಹಿಂದಿನಿಂದ ಬಂದ ಒಂದು ಹೆಜ್ಜೆಯ ಸಪ್ಪಳ ಸಾಕು. ಹತ್ತು ವರ್ಷಗಳ ಹಿಂದೆ ನಡೆದದ್ದು ಈ ಗಳಿಗೆಯಲ್ಲಿ ನಡೆಯುತ್ತಿರುವಂತೆ ಮೈ ನಡುಗುವುದು. ಅಂಥವರ ಪಾಲಿಗೆ ಆ ಸಂಗತಿ ಭೂತಕಾಲಕ್ಕೆ ಸೇರಿಯೇ ಇಲ್ಲ. ಅಮೆರಿಕದ ವೈದ್ಯೆ ಜುಡಿತ್ ಹರ್ಮನ್ ಎಂಬವರು 1992ರಲ್ಲಿ ಪ್ರಕಟಿಸಿದ ‘ಟ್ರಾಮಾ ಅಂಡ್ ರಿಕವರಿ’ ಎಂಬ ಗ್ರಂಥದಲ್ಲಿ ಚೇತರಿಕೆಗೆ ಮೂರು ಮೆಟ್ಟಿಲುಗಳನ್ನು ಹೇಳಿರುವರು. ಮೊದಲು ಅಭಯ, ಆಮೇಲೆ ನಡೆದದ್ದನ್ನು ನೆನೆದು ಹೇಳಿ ಅದಕ್ಕಾಗಿ ಶೋಕಿಸುವುದು, ಕೊನೆಗೆ ಜನಜೀವನದೊಡನೆ ಮತ್ತೆ ಕೂಡಿಕೊಳ್ಳುವುದು. ನಡುವಣ ಮೆಟ್ಟಿಲು ಕಥೆ ಹೇಳುವ ಮೆಟ್ಟಿಲಾದುದರಿಂದ ಸಾಹಿತ್ಯವಿಮರ್ಶೆಗೂ ಇಲ್ಲಿ ಕೊಂಚ ಅಧಿಕಾರವುಂಟು.

ಈಗ ಕೃತಿಗಳಿಗೆ ಬರಬಹುದು. ಇವುಗಳಲ್ಲಿ ಮೊದಲು ಎಣಿಸತಕ್ಕದ್ದು ಹ್ಯಾನಾ ಗ್ಯಾಡ್ಸ್‌ಬಿಯವರ ‘ನ್ಯಾನೆಟ್’. ಒಬ್ಬರೇ ವೇದಿಕೆಯ ಮೇಲೆ ನಿಂತು, ವೇಷವಿಲ್ಲದೆ, ಸಂಗೀತವಿಲ್ಲದೆ, ಬರಿಯ ಮಾತಿನಿಂದ ಸಭೆಯನ್ನು ನಗಿಸುವ ಸ್ಟ್ಯಾಂಡ್-ಅಪ್ ಕಾಮಿಡಿಯ ಜಾತಿಗೆ ಇದು ಸೇರಿದ್ದು. ಗ್ಯಾಡ್ಸ್‌ಬಿಯವರು 1978ರಲ್ಲಿ, ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟ್ಯಾಸ್ಮೇನಿಯ ದ್ವೀಪದಲ್ಲಿ ಹುಟ್ಟಿದವರು. ಸ್ತ್ರೀಯಾಗಿ ಹುಟ್ಟಿ ಸ್ತ್ರೀಯರಲ್ಲಿಯೇ ಮನಸ್ಸಿಟ್ಟವರು. ಆ ದ್ವೀಪದಲ್ಲಿ ಪುರುಷರೊಳಗಣ ಸಲಿಂಗಸಂಬಂಧವು 1997ರವರೆಗೂ ಕಾನೂನಿನ ಕಣ್ಣಿಗೆ ಅಪರಾಧವಾಗಿದ್ದಿತು. ಅದನ್ನು ತೆಗೆಯಬೇಕೆ ಬೇಡವೆ ಎಂದು ದ್ವೀಪವೆಲ್ಲ ಕೂಗಾಡುತ್ತಿದ್ದ ಕಾಲದಲ್ಲಿಯೇ ಅವರು ಪ್ರಾಯಕ್ಕೆ ಬಂದುದು. ತನ್ನ ಬಗೆಗೆ ತಾನೇ ನಾಚುವುದನ್ನು ಊರಿನ ಮಾತುಗಳಿಂದಲೇ ಕಲಿತ ಮಗು ಅದು. ಈ ಕೃತಿಯು 2017ರಲ್ಲಿ ಮೆಲ್ಬರ್ನಿನಲ್ಲಿಯೂ ಎಡಿನ್‌ಬರೋದಲ್ಲಿಯೂ ಹಾಸ್ಯೋತ್ಸವಗಳ ಹಿರಿಯ ಬಹುಮಾನಗಳನ್ನು ಪಡೆಯಿತು. ಸಿಡ್ನಿಯ ಆಪೆರಾ ಹೌಸಿನಲ್ಲಿ ಚಿತ್ರೀಕರಿಸಿದ ರೂಪವು 2018ರ ಜೂನ್ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಲೋಕಕ್ಕೆಲ್ಲ ಹರಡಿತು.

ಮೊದಲರ್ಧದಲ್ಲಿ ಇದು ವಾಡಿಕೆಯ ಹಾಸ್ಯವೇ. ಅದರೊಳಗೆ ಒಂದು ಬಸ್ ನಿಲ್ದಾಣದ ಕಥೆ. ರಾತ್ರಿ ಹೊತ್ತಿನಲ್ಲಿ ಒಬ್ಬಾಕೆಯೊಡನೆ ಮಾತನಾಡುತ್ತ ನಿಂತಿದ್ದ ಗ್ಯಾಡ್ಸ್‌ಬಿಯವರನ್ನು ಅವಳ ಗೆಳೆಯನು ಕಂಡು, ಯಾರೋ ಗಂಡಸು ತನ್ನವಳನ್ನು ಒಲಿಸಿಕೊಳ್ಳುತ್ತಿರುವನೆಂದು ಭ್ರಮಿಸಿ ಮೇಲೆ ಬೀಳಬಂದನು. ಹತ್ತಿರ ಬಂದಾಗ ಹೆಣ್ಣೆಂದು ತಿಳಿದು, ತಪ್ಪಾಯಿತೆಂದು ಪೆಚ್ಚಾಗಿ ಹಿಂದೆ ಸರಿದನು. ಅವನ ಮೌಢ್ಯವನ್ನು ಕಂಡು ಸಭೆ ಹೊಟ್ಟೆ ಹುಣ್ಣಾಗುವಂತೆ ನಗುವುದು. ಕಥೆ ಮುಗಿಯಿತೆಂದು ಎಲ್ಲರೂ ತಿಳಿದಿರುವರು. ಮುಕ್ಕಾಲು ಗಂಟೆಯ ಮೇಲೆ ಅದೇ ಕಥೆ ಮರಳಿ ಬರುವುದು. ಆ ಮನುಷ್ಯನು ಹೋದವನು ಹಾಗೆಯೇ ಹೋಗಲಿಲ್ಲ. ಎದುರಿಗಿರುವವರು ಎಂತಹವರೆಂಬುದು ಅವನಿಗೆ ಹೊಳೆದು ಮರಳಿ ಬಂದು, ಅದಕ್ಕಾಗಿಯೇ ಮೈಮುರಿಯ ಹೊಡೆದನು. ತಡೆಯಲು ಯಾರೂ ಬರಲಿಲ್ಲ. ಪೆಟ್ಟು ತಿಂದವರು ಪೊಲೀಸರ ಬಳಿಗೂ ಹೋಗಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ; ತನ್ನ ಯೋಗ್ಯತೆಯೇ ಇಷ್ಟೆಂದು ಸುಮ್ಮನಿದ್ದುಬಿಟ್ಟರು. ಸಭೆಯ ಉಸಿರು ನಿಲ್ಲುವುದು ಇಲ್ಲಿ. ಕೊಂಚ ಹೊತ್ತಿನ ಹಿಂದೆ ನಕ್ಕ ನಗೆ ಪ್ರತಿಯೊಬ್ಬನ ಬಾಯಲ್ಲಿಯೂ ಕಹಿಯಾಗುವುದು.

ಈ ಎರಡು ಹೇಳಿಕೆಗಳ ನಡುವೆ ಗ್ಯಾಡ್ಸ್‌ಬಿಯವರು ಹಾಸ್ಯದ ಲಕ್ಷಣವನ್ನೇ ವಿಚಾರಕ್ಕೆ ತೆಗೆದುಕೊಳ್ಳುವರು. ಪ್ರಯೋಗದ ನಡುವೆ ಲಕ್ಷಣಗ್ರಂಥವನ್ನು ಬಿಚ್ಚಿಡುವುದು ರಸಭಂಗವಲ್ಲವೆ ಎಂದು ಕೇಳಬಹುದು. ಇದು ಹಾಸ್ಯವೇ ಅಲ್ಲ, ಉಪನ್ಯಾಸವೆಂದು ಆಕ್ಷೇಪಿಸಿದವರೂ ಇಲ್ಲದಿಲ್ಲ. ಆದರೆ ಇಲ್ಲಿ ಲಕ್ಷಣವೇ ಕಥೆಯ ಜೀವಾಳ. ಅವರ ಸಿದ್ಧಾಂತದ ತಾತ್ಪರ್ಯವಿಷ್ಟು: ನಗೆನುಡಿಗೆ ಎರಡೇ ಅಂಗಗಳು. ಮೊದಲು ಕೇಳುವವರ ಮನಸ್ಸನ್ನು ಬಿಗಿಯುವುದು, ಆಮೇಲೆ ಅನಿರೀಕ್ಷಿತವಾದ ತಿರುವಿನಿಂದ ಆ ಬಿಗಿಯನ್ನು ಸಡಿಲಿಸುವುದು. ಕಥೆಗಾದರೋ ಆದಿ, ಮಧ್ಯ, ಅಂತ್ಯ ಎಂದು ಮೂರು ಅಂಗಗಳು ಬೇಕು. ಸ್ವಂತ ಆಘಾತವನ್ನು ನಗೆನುಡಿಯಾಗಿ ಮಾಡುವವರು ಅಂತ್ಯವನ್ನು ಕತ್ತರಿಸಿಹಾಕಲೇಬೇಕು, ಏಕೆಂದರೆ ಅಂತ್ಯದಲ್ಲಿ ನಗೆಯಿಲ್ಲ. ಹೀಗೆ ವರ್ಷಗಟ್ಟಲೆ ಕತ್ತರಿಸಿದ ಕಥೆಯನ್ನೇ ಹೇಳುತ್ತ ಹೋದರೆ, ಹೇಳುವವರಿಗೂ ತಮ್ಮ ನಿಜವಾದ ನೆನಪಿನ ಜಾಗದಲ್ಲಿ ಆ ನಗೆನುಡಿಯೇ ಉಳಿದುಹೋಗುವುದು. ಆಘಾತವು ಆದ ಗಳಿಗೆಯಲ್ಲಿಯೇ ಹೆಪ್ಪುಗಟ್ಟಿ ನಿಲ್ಲುವುದು. ಅಂಚಿನಲ್ಲಿ ಬದುಕುವವನು ತನ್ನನ್ನು ತಾನೇ ಹಾಸ್ಯ ಮಾಡಿಕೊಂಡರೆ ಅದು ವಿನಯವಾಗದು, ಇನ್ನೊಂದು ಅವಮಾನವೇ ಆಗುವುದು ಎಂಬುದೂ ಅವರ ವಾದದೊಳಗೆ ಸೇರಿದೆ. ಸಂಸ್ಕೃತ ನಾಟಕಗಳ ವಿದೂಷಕನನ್ನು ಬಲ್ಲವರು ಈ ಮಾತನ್ನು ಕೊಂಚ ನಿಂತು ಯೋಚಿಸಬೇಕು. ಅವನ ಬೋಳುತಲೆ, ಅವನ ತಿಂಡಿಪೋತತನ, ಅವನ ಕಪಿಮುಖ, ಎಲ್ಲವೂ ನಗೆಗೆ ಮೀಸಲು. ಅವನು ಮನೆಗೆ ಹೋದಮೇಲೆ ಏನೆಂದುಕೊಳ್ಳುತ್ತಿದ್ದನೆಂದು ಯಾವ ಅಂಕದಲ್ಲಿಯೂ ಹೇಳಿಲ್ಲ. ಮೃಚ್ಛಕಟಿಕದ ಮೈತ್ರೇಯನೊಬ್ಬನು ಗೆಳೆಯನ ಮರಣದಂಡನೆಯನ್ನು ಕೇಳಿ ತಾನೂ ಸಾಯಹೊರಡುವಾಗ ಮಾತ್ರ ಆ ವೇಷದೊಳಗೊಂದು ಹೃದಯವಿದ್ದಿತೆಂದು ತಿಳಿದುಬರುವುದು.

ಕೃತಿಯ ಉತ್ತರಾರ್ಧದಲ್ಲಿ ಕೋಪವೇ ಪ್ರಧಾನ. ಪಿಕಾಸೋವನ್ನು ಕುರಿತ ಭಾಗವು ಬಹು ತೀಕ್ಷ್ಣವಾದುದು: ನಾಲ್ವತ್ತೈದು ವರ್ಷದ ಚಿತ್ರಕಾರನು ಹದಿನೇಳು ವರ್ಷದ ಹುಡುಗಿಯೊಡನೆ ಸಂಬಂಧ ಬೆಳೆಸಿದುದನ್ನು ಕಲೆಯ ಹೆಸರಿನಲ್ಲಿ ಲೋಕವು ಹೇಗೆ ನುಂಗಿಕೊಂಡಿತೆಂಬುದು ಅಲ್ಲಿನ ವಿಷಯ. ಮಾತು ನ್ಯಾಯವಾದುದಾದರೂ ಆ ಭಾಗ ತುಸು ಬೆಳೆಯಿತೆಂದೇ ಹೇಳಬೇಕು. ಬಸ್ ನಿಲ್ದಾಣದ ಕಥೆಯ ಏಕಾಗ್ರತೆ ಅಲ್ಲಿ ಚದರಿದೆ. ಅದಕ್ಕಿಂತ ವಾನ್ ಗೋ ಕುರಿತ ಮಾತು ಹೆಚ್ಚು ಹೃದ್ಯ. ಕಲಾವಿದನು ನರಳಿದರೇ ಕಲೆ ಎಂಬ ಮೂಢನಂಬಿಕೆಯನ್ನು ತಳ್ಳಿಹಾಕಿ, ಅವನ ಸೂರ್ಯಕಾಂತಿಗಳು ಲೋಕಕ್ಕೆ ದೊರೆತುದು ಅವನ ನರಳಿಕೆಯಿಂದಲ್ಲ, ಅವನನ್ನು ಪ್ರೀತಿಸಿದ ತಮ್ಮನೊಬ್ಬನಿದ್ದುದರಿಂದ ಎಂದು ಅವರು ತಿಳಿಸುವರು. ಕೊನೆಗೆ ಆ ಕೋಪವನ್ನೂ ಕೆಳಗಿಡುವರು. ಕೋಪಿಸಿಕೊಳ್ಳುವುದಕ್ಕೆ ತಮಗೆ ಹಕ್ಕುಂಟು, ಅದನ್ನು ಹಂಚುವುದಕ್ಕೆ ಹಕ್ಕಿಲ್ಲ. ಏಕೆಂದರೆ ನಗೆಯಂತೆಯೇ ಕೋಪವೂ ಅಪರಿಚಿತರನ್ನು ಒಂದುಗೂಡಿಸಿಬಿಡುವುದು ಎಂದು. ರೌದ್ರದಿಂದ ಕರುಣವು ಹುಟ್ಟುವುದೆಂದು ಭರತಮುನಿ ಹೇಳಿರುವನಷ್ಟೆ. ನಾಟ್ಯಶಾಸ್ತ್ರದ ಹೆಸರನ್ನೂ ಎತ್ತದ ಈ ಕಲಾವಿದರು ಹಾಸ್ಯದಿಂದ ನೇರವಾಗಿ ಕರುಣಕ್ಕೆ ಹಾರದೆ ನಡುವೆ ರೌದ್ರವನ್ನಿರಿಸಿ, ಅದರ ಮೂಲಕವೇ ಸಭೆಯನ್ನು ದಾಟಿಸಿರುವುದು ಸ್ವಾರಸ್ಯವಾಗಿದೆ. ವಿರೋಧಿಗಳಾದ ಎರಡು ರಸಗಳ ನಡುವೆ ಮೂರನೆಯದೊಂದನ್ನಿಟ್ಟರೆ ವಿರೋಧ ತಪ್ಪುವುದೆಂದು ಆನಂದವರ್ಧನನು ನಾಗಾನಂದದ ನಿದರ್ಶನದಿಂದ ತೋರಿಸಿದ ಉಪಾಯವೇ ಇದು.

ಆದರೆ ಅವರು ಮಾಡಿರುವ ಮುಖ್ಯ ಕೆಲಸ ಇದಲ್ಲ. ಬಿಗಿದ ಮನಸ್ಸನ್ನು ಸಡಿಲಿಸುವುದು ನಗಿಸುವವರ ವೃತ್ತಿಧರ್ಮ. ಆ ಧರ್ಮವನ್ನು ಅವರು ಬುದ್ಧಿಪೂರ್ವಕವಾಗಿ ಬಿಟ್ಟುಬಿಡುವರು. ಈ ಭಾರ ಇನ್ನು ಸಭೆಯದೇ ಎಂದು ಹೇಳಿ ಸುಮ್ಮನಾಗುವರು. ಇಲ್ಲಿ ಸಭಾಪರ್ವವನ್ನು ನೆನೆಯದವರಾರು? ದುಃಶಾಸನನು ದ್ರೌಪದಿಯನ್ನು ದಾಸಿಯೆಂದು ಕರೆದು ಎಳೆಯುವಾಗ ಕರ್ಣನು ಗಟ್ಟಿಯಾಗಿ ನಕ್ಕನು. ಶೋಕವು ಒಬ್ಬರಲ್ಲಿ, ನಗೆ ಇನ್ನೊಬ್ಬರಲ್ಲಿ. ವಿರುದ್ಧರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿಟ್ಟರೆ ಕಾವ್ಯದಲ್ಲಿ ದೋಷವಿಲ್ಲವೆಂದು ಆನಂದವರ್ಧನನ ಮತ. ಕಾವ್ಯಕ್ಕೆ ಅದು ಸರಿಯಾದ ಮಾತು. ಆದರೆ ಬಾಳಿನಲ್ಲಿ ಈ ನಿಯಮವು ತಲೆಕೆಳಗಾಗುವುದು. ಅಳುವವರೊಬ್ಬರು ನಗುವವರೊಬ್ಬರು ಆದಲ್ಲಿ ಅದೇ ಕ್ರೌರ್ಯ. ಅಳುವ ಬಾಯೇ ನಗುವುದಾದರೆ ಅಲ್ಲಿಂದ ಉಪಶಮನಕ್ಕೆ ದಾರಿ. ದ್ರೌಪದಿ ಅಂದು ನಗಲಿಲ್ಲ, ನಗಿಸಲೂ ಇಲ್ಲ. ಒಂದು ಪ್ರಶ್ನೆಯನ್ನು ಸಭೆಯ ನಡುವೆ ಇಟ್ಟಳು. ಧರ್ಮವು ಸೂಕ್ಷ್ಮವೆಂದು ಭೀಷ್ಮನು ಜಾರಿಕೊಂಡನು. ಅಲ್ಲಿಂದ ಮುಂದೆ ಆ ಬಿಗಿಯನ್ನು ಹೊರಬೇಕಾದವರು ಸಭಾಸದರೇ ಆದರು. ಪ್ರಶ್ನೆ ಕೇಳಿದವಳೇ ಉತ್ತರವನ್ನೂ ಹೇಳಿ ಎಲ್ಲರನ್ನೂ ಸಮಾಧಾನಪಡಿಸಿ ಕಳುಹಿಸಬೇಕೆಂದು ನಿರೀಕ್ಷಿಸುವ ಸಭೆಗಳು ಇಂದಿಗೂ ಕಡಮೆಯಿಲ್ಲ.

ಹಾಗಾದರೆ ಆರ್ತರು ನಗಲೇಬಾರದೆ? ಗ್ಯಾಡ್ಸ್‌ಬಿಯವರ ವಾದವನ್ನು ತುದಿಯವರೆಗೂ ಎಳೆದರೆ ಅಲ್ಲಿಗೇ ಬಂದು ನಿಲ್ಲುವಂತೆ ತೋರುವುದು. ಹಾಸ್ಯವನ್ನೇ ಬಿಡುವೆನೆಂದು ಅವರು ವೇದಿಕೆಯ ಮೇಲೆ ಸಾರಿಯೂ ಇದ್ದರು. ಆದರೆ 2020ರಲ್ಲಿ ‘ಡಗ್ಲಸ್’ ಎಂಬ ಇನ್ನೊಂದು ಹಾಸ್ಯಪ್ರಯೋಗವು ಅವರಿಂದಲೇ ಪ್ರಕಟವಾಯಿತು. ಪ್ರತಿಜ್ಞೆ ಮುರಿದರೆಂದು ಛೇಡಿಸುವುದು ಸುಲಭ. ಅವರು ಬಿಟ್ಟುದು ಹಾಸ್ಯವನ್ನಲ್ಲ, ಅಂತ್ಯವನ್ನು ಕತ್ತರಿಸಿದ ಹಾಸ್ಯವನ್ನು ಎಂದರೆ ಹೆಚ್ಚು ಸರಿಯಾದೀತು.

ಭರತಮುನಿಯ ಒಂದು ವಿಭಾಗವು ಇಲ್ಲಿ ಬಹಳ ಸಹಾಯಕ್ಕೆ ಬರುವುದು. ತಾನೇ ನಗುವುದು ಆತ್ಮಸ್ಥಹಾಸ್ಯ, ಇತರರನ್ನು ನಗಿಸುವುದು ಪರಸ್ಥಹಾಸ್ಯ. ಪಾಠಶಾಲೆಗಳಲ್ಲಿ ಇದನ್ನು ಉಚ್ಚರಿಸಿ ಮುಂದಕ್ಕೆ ಹೋಗುವುದೇ ರೂಢಿ, ಇದರಲ್ಲೇನೂ ಗಹನವಿಲ್ಲವೆಂಬಂತೆ. ಆದರೆ ಆರ್ತರ ವಿಷಯಕ್ಕೆ ಬಂದಾಗ ಈ ಭೇದವೇ ಎಲ್ಲವೂ. ಗ್ಯಾಡ್ಸ್‌ಬಿಯವರು ಹತ್ತು ವರ್ಷಗಳ ಕಾಲ ಸಭೆಗಳನ್ನು ನಗಿಸಿದರು. ಅವರೊಳಗೆ ನಗೆ ಹುಟ್ಟಿರಲಿಲ್ಲ. ಪರಸ್ಥವಿದ್ದಿತು, ಆತ್ಮಸ್ಥವಿರಲಿಲ್ಲ. ಕೆನಡ ದೇಶದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಎಂಬವರು ತಮ್ಮ ಸಂಗಡಿಗರೊಡನೆ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಬೇರೆ ದಾರಿಯಿಂದ ಇದೇ ಬಾಗಿಲಿಗೆ ಬರುವುದು. ಅವರು ಹಾಸ್ಯದ ರೀತಿಗಳನ್ನು ನಾಲ್ಕಾಗಿ ವಿಂಗಡಿಸಿ, ಕಷ್ಟದ ನಡುವೆ ತನಗೆ ತಾನೇ ನಗೆಯನ್ನು ಕಂಡುಕೊಳ್ಳುವ ರೀತಿ ಮನಸ್ಸಿನ ಸ್ವಾಸ್ಥ್ಯದೊಡನೆ ಸೇರಿ ಕಾಣುವುದೆಂದೂ, ಇತರರ ಮೆಚ್ಚಿಕೆಗಾಗಿ ತನ್ನನ್ನು ಹಳಿದುಕೊಂಡು ನಗಿಸುವ ರೀತಿ ಖಿನ್ನತೆ ಕಳವಳಗಳೊಡನೆ ಸೇರಿ ಕಾಣುವುದೆಂದೂ ಗುರುತಿಸಿರುವರು.

ಆತ್ಮಸ್ಥಹಾಸ್ಯಕ್ಕೆ ಉತ್ತಮವಾದ ಉದಾಹರಣೆ ಅಮೆರಿಕದ ಅಲಿ ಬ್ರಾಶ್ ಎಂಬಾಕೆಯ ಚಿತ್ರಕಥೆಗಳಲ್ಲಿ ದೊರೆಯುವುದು. ಈಕೆ 2009ರಿಂದ ‘ಹೈಪರ್‌ಬೋಲಿ ಅಂಡ್ ಎ ಹಾಫ್’ ಎಂಬ ಹೆಸರಿನಿಂದ ಅಂತರ್ಜಾಲದಲ್ಲಿ ತನ್ನ ಬಾಳಿನ ಪ್ರಸಂಗಗಳನ್ನು ಬರೆದು ಬಿಡಿಸಿ ಪ್ರಕಟಿಸುತ್ತಿದ್ದಳು. ಚಿತ್ರಗಳು ಮಗು ಗೀಚಿದಂತಿರುವುವು: ಕಡ್ಡಿಯಂತಹ ಕೈಕಾಲು, ಗುಲಾಬಿ ಬಣ್ಣದ ಅಂಗಿ, ತಲೆಯ ಮೇಲೆ ಹಳದಿಯ ಕೋಡಿನಂತಹ ಕೂದಲು. 2011ರಲ್ಲಿ ತನ್ನ ಖಿನ್ನತೆಯನ್ನು ಕುರಿತು ಮೊದಲ ಭಾಗವನ್ನು ಪ್ರಕಟಿಸಿದ ಬಳಿಕ ಬಹುಕಾಲ ಮೌನವಾಗಿದ್ದು, 2013ರ ಮೇ ತಿಂಗಳಲ್ಲಿ ಎರಡನೆಯ ಭಾಗದೊಡನೆ ಮರಳಿದಳು. ಸಹಸ್ರಾರು ಮಂದಿ ಓದುಗರು ಅದರ ಕೆಳಗೆ ತಮ್ಮ ತಮ್ಮ ಮಾತನ್ನು ಬರೆದರು.

ಆ ಎರಡನೆಯ ಭಾಗದಲ್ಲೊಂದು ಸಂದರ್ಭ. ಏನೂ ಅನ್ನಿಸದಿರುವ, ಬದುಕಬೇಕೆಂದೂ ಅನ್ನಿಸದಿರುವ ದಿನಗಳು. ಅಡಿಗೆಮನೆಯ ನೆಲದ ಮೇಲೆ ಬಿದ್ದುಕೊಂಡು ಅಳುತ್ತಿರುವಾಗ ಫ್ರಿಜ್ಜಿನ ಅಡಿಯಲ್ಲಿ ಬಾಡಿ ಸುಕ್ಕುಗಟ್ಟಿದ ಒಂದು ಮುಸುಕಿನ ಜೋಳದ ಕಾಳು ಕಣ್ಣಿಗೆ ಬೀಳುವುದು. ಅಷ್ಟೇ. ಎಷ್ಟೋ ಕಾಲದಿಂದ ಸತ್ತಂತಿದ್ದ ಎದೆಯಿಂದ ನಗೆ ಉಕ್ಕಿ ಬರುವುದು, ತಡೆಯಲಾಗದಷ್ಟು. ಆ ಕಾಳಿನಲ್ಲಿ ನಗುವಂತಹುದು ಏನಿದ್ದಿತೆಂಬುದನ್ನು ಆಕೆ ವಿವರಿಸಲಾರಳು. ವಿವರಿಸಲು ಹೊರಟರೆ ಕೇಳುವವರು ಪಿಳಿಪಿಳಿ ನೋಡುವರು.

ಅಕಾಲದಲ್ಲಿ, ಕಣ್ಣೀರಿನೊಡನೆ, ಮೈ ಕುಲುಕಿ ಬರುವ ನಗೆಯನ್ನು ಭರತನು ಆರು ಬಗೆಗಳಲ್ಲಿ ಕೆಳಗಿನ ವರ್ಗಕ್ಕೆ ಹಾಕಿ, ಅಪಹಸಿತವೆಂದು ಹೆಸರಿಟ್ಟು, ಅಧಮ ಪಾತ್ರಗಳಿಗೆ ಮೀಸಲಾಗಿಟ್ಟಿರುವನು. ಹಲ್ಲು ಕಾಣದ ಮಂದಸ್ಮಿತವು ಉತ್ತಮರದು. ರಂಗದ ಮೇಲಿನ ರಾಜರಿಗೂ ಮಂತ್ರಿಗಳಿಗೂ ಈ ವಿಭಾಗವು ಸರಿಯಿರಬಹುದು. ಅಡಿಗೆಮನೆಯ ನೆಲದ ಮೇಲೆ ಬಿದ್ದಿರುವವರ ವಿಷಯದಲ್ಲಿ ಇದನ್ನು ಒಪ್ಪುವುದು ಕಷ್ಟ. ಅಲ್ಲಿ ಅಪಹಸಿತವೇ ಮೊದಲ ಉಸಿರು. ಶಾಸ್ತ್ರದಲ್ಲಿ ಅಚಲವಾದ ಗೌರವವುಳ್ಳವರೂ ಈ ಒಂದು ಸ್ಥಳದಲ್ಲಿ ಮುನಿಯೊಡನೆ ವಿನಯದಿಂದ ಭಿನ್ನಾಭಿಪ್ರಾಯವನ್ನು ಹೇಳಬೇಕಾಗುವುದು.

ನಮ್ಮ ಮನೆಗಳಲ್ಲಿ ಇದನ್ನು ಕಾಣದವರಿಲ್ಲ. ಹದಿಮೂರನೆಯ ದಿನ ವೈಕುಂಠಸಮಾರಾಧನೆಯ ಊಟವಾದ ಮೇಲೆ ನೆಂಟರು ಜಗಲಿಯಲ್ಲಿ ಕುಳಿತಿರುವರು. ಹೋದವರ ಯಾವುದೋ ಹಟ, ಯಾವುದೋ ಮರೆವು, ಕಾಫಿಯ ಲೋಟವನ್ನು ದಿನವೂ ಎಲ್ಲಿಯೋ ಇಟ್ಟು ಮನೆಯವರೆಲ್ಲರ ಮೇಲೆ ಕೂಗಾಡುತ್ತಿದ್ದುದು, ಇಂತಹುದೊಂದು ಮಾತಿಗೆ ಬರುವುದು. ಮಾತನ್ನು ತೆಗೆದವನು ತಪ್ಪು ಮಾಡಿದೆನೇನೋ ಎಂದು ಒಳಗೆ ನೋಡುವನು. ನಡುಮನೆಯ ಕಂಬಕ್ಕೆ ಒರಗಿ ಕುಳಿತ ಮನೆಯೊಡತಿಯು ಮೊದಲು ನಕ್ಕರೆ ಎಲ್ಲರೂ ನಗುವರು. ಆಕೆ ನಗದಿದ್ದರೆ ಯಾರ ತುಟಿಯೂ ಅಲುಗುವುದಿಲ್ಲ.

ಬ್ರಾಶಳ ಚಿತ್ರಕಥೆಯಲ್ಲಿ ಇನ್ನೊಂದು ಉಪಮಾನವುಂಟು. ಆರ್ತರಿಗೆ ನೆರವಾಗಬೇಕೆಂಬವರು ಅದನ್ನು ಮನಸ್ಸಿನಲ್ಲಿಡಬೇಕು. ತನ್ನ ಭಾವನೆಗಳೆಲ್ಲ ಸತ್ತಿವೆಯೆಂದು ಹೇಳಿದಾಗ ಜನರು ಕೊಡುವ ಬುದ್ಧಿವಾದವನ್ನು ಆಕೆ ಸತ್ತ ಮೀನುಗಳಿಗೆ ಹೋಲಿಸಿರುವಳು. ಮೀನುಗಳು ಸತ್ತಿವೆ ಎಂದು ಒಬ್ಬನು ಹೇಳಿದರೆ, ಎದುರಿನವರು ಅವುಗಳನ್ನು ಹುಡುಕೋಣ ಬಾ, ಅನ್ನ ಹಾಕೋಣ ಬಾ ಎನ್ನುವರು. ಹುಡುಕಬೇಕಾಗಿಲ್ಲ, ಇಲ್ಲಿಯೇ ಇವೆ, ಸತ್ತಿವೆ ಎಂದರೆ, ಹಾಗೆಲ್ಲ ನಿರಾಶನಾಗಬಾರದೆನ್ನುವರು. ಈ ಹಾಸ್ಯವು ಯಾರ ಮೇಲಾಡಿದ್ದು? ಆರ್ತೆಯ ಮೇಲಲ್ಲ, ಮೀನುಗಳ ಮೇಲೂ ಅಲ್ಲ. ಕೇಳುವ ತಾಳ್ಮೆಯಿಲ್ಲದ ಹಿತೈಷಿಗಳ ಮೇಲೆ. ಆದರೂ ಹಿತೈಷಿಗಳಿಗೆ ಇದನ್ನೋದಿ ಸಿಟ್ಟು ಬರುವುದಿಲ್ಲ. ತಮ್ಮ ಮುಖವನ್ನೇ ಕನ್ನಡಿಯಲ್ಲಿ ಕಂಡು ನಕ್ಕು, ಮುಂದಿನ ಬಾರಿ ಬಾಯಿ ಮುಚ್ಚಿ ಪಕ್ಕದಲ್ಲಿ ಕುಳಿತುಕೊಳ್ಳುವರು. ನಾಲ್ಕು ಗೆರೆಗಳ ಚಿತ್ರವು ದೊಡ್ಡ ಗ್ರಂಥ ಮಾಡಲಾರದ ಕೆಲಸವನ್ನು ಮಾಡುವುದು ಹೀಗೆ.

ಜಾಲತಾಣದ ಉಪಕಾರವೂ ಇಲ್ಲಿಯೇ ಸ್ಪಷ್ಟವಾಗುವುದು. ವೇದಿಕೆಯ ಮೇಲೆ ನಿಂತವರಿಗೆ ಆ ಗಳಿಗೆಯಲ್ಲಿಯೇ ಸಭೆಯನ್ನು ಎದುರಿಸಬೇಕು. ಬರೆದು ಬಿಡಿಸುವವರಿಗೆ ಹಾಗಿಲ್ಲ. ಅಭಯವಿದ್ದಾಗ ಹೇಳಬಹುದು, ಬೇಡವಾದಾಗ ವರ್ಷಗಟ್ಟಲೆ ಮರೆಯಾಗಬಹುದು. ಬ್ರಾಶ್ 2013ರ ಬಳಿಕ ಹಾಗೆಯೇ ಮರೆಯಾಗಿ, 2020ರಲ್ಲಿ ಇನ್ನೊಂದು ಪುಸ್ತಕದೊಡನೆ ಕಾಣಿಸಿಕೊಂಡಳು; ಅದರೊಳಗೆ ತಂಗಿಯ ಮರಣದ ಅಧ್ಯಾಯವೂ ಉಂಟು. ಓದುವವರಿಗೂ ಇದೇ ಸೌಲಭ್ಯ. ತನ್ನಂತೆ ಇನ್ನೊಬ್ಬಳುಂಟೆಂದು ತಿಳಿದು ಒಬ್ಬಳೇ ನಗುವವಳಿಗೆ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಅಪಕಾರವಾದರೋ ಇಷ್ಟೇ ದೊಡ್ಡದು. ಜಾಲತಾಣಕ್ಕೆ ತುಣುಕುಗಳಲ್ಲಿ ಪ್ರೀತಿ. ಮೂರು ಅಂಗಗಳ ಕಥೆಯಿಂದ ಎರಡು ಅಂಗಗಳನ್ನು ಕತ್ತರಿಸಿ, ಒಂದು ನಿಮಿಷದ ನಗೆಯನ್ನು ಮಾತ್ರ ಊರಿಂದೂರಿಗೆ ಹಂಚುವುದು ಅದರ ಸ್ವಭಾವ. ಬಸ್ ನಿಲ್ದಾಣದ ಕಥೆಯ ಪೂರ್ವಾರ್ಧವನ್ನು ಮಾತ್ರ ಕತ್ತರಿಸಿ ಹರಡಿದರೆ, ಗ್ಯಾಡ್ಸ್‌ಬಿಯವರು ಯಾವುದರಿಂದ ಬಿಡಿಸಿಕೊಳ್ಳಲು ಅಷ್ಟು ಹೆಣಗಿದರೋ ಅದರೊಳಕ್ಕೇ ಅವರನ್ನು ಮತ್ತೆ ತಳ್ಳಿದಂತಾಗುವುದು. ಇದಲ್ಲದೆ, ಆರ್ತರ ಪರವಾಗಿ ತಾವೇ ಹಾಸ್ಯ ಮಾಡಹೊರಡುವ ಉತ್ಸಾಹಿಗಳೂ ಉಂಟು. ಮನೆಯೊಡತಿಗಿಂತ ಮೊದಲು ಜಗಲಿಯಲ್ಲಿ ನಗುವವರು ಇವರು. ಬಂಧುವಲ್ಲದವನಿಗಾಗಿ ಶೋಕಿಸಿದರೆ ಅದು ಕರುಣವಾಗದೆ ಹಾಸ್ಯವೇ ಆಗುವುದೆಂದು ಅಭಿನವಗುಪ್ತನು ಹೇಳಿರುವನು. ಕಂಡರಿಯದವರ ಸಾವಿಗೆ ಗಳಿಗೆಗೊಂದು ಕಣ್ಣೀರಿನ ಚಿತ್ರವನ್ನಂಟಿಸಿ, ಮರುಗಳಿಗೆಯಲ್ಲಿ ಊಟದ ತಟ್ಟೆಯ ಚಿತ್ರವನ್ನಂಟಿಸುವವರನ್ನು ಅವನು ಕಂಡಿದ್ದರೆ ಅಭಿನವಭಾರತಿಗೆ ಇನ್ನೊಂದು ಪುಟ ಸೇರುತ್ತಿದ್ದಿತು.

ವೈದ್ಯಕ್ಕೂ ಹಾಸ್ಯಕ್ಕೂ ನಂಟು ಕನ್ನಡಿಗರಿಗೆ ಅಪರಿಚಿತವೇನಲ್ಲ. 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿ ಕಾಲು ಶತಮಾನ ನಡೆಸಿದ ರಾಶಿಯವರು, ಎಂದರೆ ಡಾಕ್ಟರ್ ಎಂ. ಶಿವರಾಮ್, ವೃತ್ತಿಯಿಂದ ವೈದ್ಯರು. ಮನೋವ್ಯಾಧಿಗಳನ್ನು ಕುರಿತು ಅವರು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿತು. ಒಂದೇ ಲೇಖನಿ ಎರಡನ್ನೂ ಬರೆಯಿತು, ಆದರೆ ಬೇರೆ ಬೇರೆ ಪುಸ್ತಕಗಳಲ್ಲಿ ಬರೆಯಿತು ಎಂಬುದನ್ನು ಗಮನಿಸಬೇಕು. ರೋಗಿಯ ನೋವಿಗೆ ವೈದ್ಯನು ನಗೆಯ ಚೀಟಿ ಬರೆದುಕೊಟ್ಟು ಕಳುಹಿಸಲಿಲ್ಲ.

ಕರುಣವು ಅಂಗಿಯಾಗಿ, ಹಾಸ್ಯವು ಅಂಗವಾಗಿ ಇರುವವರೆಗೂ ಎರಡಕ್ಕೂ ವಿರೋಧವಿಲ್ಲ. ಇದು ಆನಂದವರ್ಧನನು ತೋರಿಸಿದ ಇನ್ನೊಂದು ಉಪಾಯ. ಹಾಸ್ಯವು ಅಂಗಿಯಾದೊಡನೆ ಕಥೆಯ ಅಂತ್ಯವು ಕತ್ತರಿಸಿಹೋಗುವುದು. ಗ್ಯಾಡ್ಸ್‌ಬಿಯವರೂ ಕೊನೆಯಲ್ಲಿ ಇದನ್ನೇ ಬೇರೆ ಮಾತಿನಲ್ಲಿ ಹೇಳಿರುವರು: ವಾಸಿಮಾಡುವುದು ನಗೆಯಲ್ಲ, ಕಥೆ, ನಗೆಯು ಆ ಕಹಿಯೌಷಧಕ್ಕೆ ಬೆರಸಿದ ಜೇನು ಮಾತ್ರ. ಸೌಂದರನಂದದ ಕೊನೆಯಲ್ಲಿ ಅಶ್ವಘೋಷನು ತನ್ನ ಕಾವ್ಯವನ್ನು ಕುರಿತು ಹೇಳಿಕೊಂಡಿರುವ ಉಪಮಾನವೂ ಇದೇ. ಅವನದು ಸಾಕೇತ, ಇವರದು ಟ್ಯಾಸ್ಮೇನಿಯ. ನಡುವೆ ಸುಮಾರು ಎರಡು ಸಾವಿರ ವರ್ಷಗಳ ಅಂತರ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದಿರುವ ಸಂಭವ ಕಡಮೆ.

ಅಂತ್ಯವಿ‌ಲ್ಲದ ಕಥೆಗೆ ನಗೆಯೇ ಅಂತ್ಯವನ್ನು ಒದಗಿಸಿಕೊಟ್ಟ ನಿದರ್ಶನವೂ ಒಂದುಂಟು. ಅದನ್ನು ಬಿಟ್ಟರೆ ಈ ವಿಚಾರವು ಅರೆಯಾಗುವುದು. ವಿಯೆನ್ನ ನಗರದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಾಜಿಗಳ ಸೆರೆಶಿಬಿರಗಳಲ್ಲಿ ಸುಮಾರು ಮೂರು ವರ್ಷ ಕಳೆದು, ತಂದೆ ತಾಯಿ ಪತ್ನಿ ಸೋದರರನ್ನು ಕಳೆದುಕೊಂಡು, 1945ರಲ್ಲಿ ಬಿಡುಗಡೆ ಹೊಂದಿದವರು. ಮರುವರ್ಷ ಪ್ರಕಟವಾದ ತಮ್ಮ ಸ್ಮರಣೆಯಲ್ಲಿ ಅವರು ಒಂದು ಸಂಗತಿಯನ್ನು ಹೇಳಿರುವರು. ಕಟ್ಟಡದ ಕೆಲಸದಲ್ಲಿ ಪಕ್ಕದಲ್ಲಿ ದುಡಿಯುತ್ತಿದ್ದ ಸ್ನೇಹಿತನೊಡನೆ ಅವರು ಒಂದು ಒಪ್ಪಂದ ಮಾಡಿಕೊಂಡರಂತೆ: ಬಿಡುಗಡೆಯಾದ ಮೇಲೆ ನಡೆಯಬಹುದಾದ ಒಂದು ನಗೆಯ ಪ್ರಸಂಗವನ್ನು ದಿನಕ್ಕೊಂದರಂತೆ ಕಲ್ಪಿಸಿ ಹೇಳಬೇಕು. ನಾಳೆಯೆಂಬುದೇ ಇಲ್ಲದ ಸ್ಥಳದಲ್ಲಿ ಅವರ ನಗೆಯೆಲ್ಲ ನಾಳೆಯಲ್ಲಿ ನಡೆಯುವುದು. ಶಿಬಿರದಲ್ಲಿ ಸಾರನ್ನು ಬಡಿಸುವಾಗ ಮೇಲಿನದು ಬರಿಯ ನೀರು, ಬಟಾಣಿಯೇನಿದ್ದರೂ ತಳದಲ್ಲಿ. ಆದುದರಿಂದ ಸೌಟು ತಳದವರೆಗೂ ಇಳಿಯಲೆಂದು ಪ್ರತಿಯೊಬ್ಬ ಸೆರೆಯಾಳಿನ ಪ್ರಾರ್ಥನೆ. ಇತರ ಸೆರೆಯಾಳುಗಳು ಕಟ್ಟಿಕೊಂಡ ಒಂದು ಕಲ್ಪನೆ ಇದು: ಮುಂದೊಂದು ದಿನ ದೊಡ್ಡವರ ಮನೆಯ ಔತಣಕ್ಕೆ ಹೋಗಿರುವರು. ಬೆಳ್ಳಿಯ ಪಾತ್ರೆ, ಬಿಳಿಯ ಮೇಜುವಸ್ತ್ರ. ಸಾರು ಬಡಿಸಲು ಬಂದ ಮನೆಯೊಡತಿಯನ್ನು, ತಾವೆಲ್ಲಿರುವೆವೆಂಬುದನ್ನು ಮರೆತು, ತಳದಿಂದ ಬಡಿಸಿರೆಂದು ಅಂಗಲಾಚಿ ಬೇಡುವರು. ಆ ಒಡತಿಗೆ ಇದರ ಅರ್ಥವಾಗುತ್ತಿರಲಿಲ್ಲ. ಆ ಶಿಬಿರದ ಸೆರೆಯಾಳುಗಳಿಗೆ ಮಾತ್ರ ಅರ್ಥವಾಗುತ್ತಿದ್ದಿತು.